ಲಿಂಬಿ ಎಲಿ ಟಿಕೇಟು

ರಜೆ ಚೀಟಿಯೊಳಗ ಬರೆದ ಕಾರಣ ಹಲ್ಲುಬ್ಯಾನಿ.
ಡಿಪೋದ ಕಂಟ್ರೋಲರ್ ನನ್ನ ಬಾಯಿ ನೋಡಿದರು, ಸಹಿ ಹಾಕಿದರು.
ಮಗಳ ಬಾಲವಾಡಿ ತ್ವಾಟ ನೋಡಾಕ ಹೊಂಟದ,
ಜತಿಗೆ ಒಬ್ಬ ಪಾಲಕರು ಬೇಕಂತ ಅಂದ್ರ
ಯಾರು ಕೊಡತಾರ ರಜೆ?

ಇಂಡಿಯಿಂದ ಐದು ಮೈಲಿ, ಎರಡು ಟಂಟಂ,
ಹತ್ತೊಂಬತ್ತು ಹುಡುಗರು, ಶಾಲನ ಅಕ್ಕೋರು, ನಾನು.
ಅಕ್ಕೋರು ಒಂದು ಹಗ್ಗ ತಂದಿದ್ದರು,
ಮೊಳಕ್ಕೊಂದು ಗಂಟು, ಗಂಟಿಗೊಂದು ಕೈ.
"ನೀವು ಎಣಿಸೋದ್ರಾಗ ಹುಷಾರ, ಹಿಂದ ನಿಂದರ್ರಿ."
ಹದಿನೆಂಟು ವರ್ಷ ತಲೆ ಎಣಿಸೇ ಉಂಡವ ನಾನು.
ಐವತ್ತೆರಡು ಸೀಟು, ಮ್ಯಾಲ ಮೂವತ್ತು ನಿಂತವರು,
ಚಡಚಣದ ಗಾಡಿಯೊಳಗ ಒಂದು ತಲೆ ತಪ್ಪಿಲ್ಲ.
ಆದರ ಆ ತಲೆ ನಿಂತಲ್ಲಿ ನಿಲ್ಲತಿದ್ದವು.

ಶೀಗಿ ಹುಣ್ಣಿಮಿ ಇನ್ನೂ ಎರಡು ದಿನ ಅದ.
ಬದುವಿನ ಆಚಿ ತೊಗರಿ ಆಗಷ್ಟೇ ಹಳದಿ.
ಎರೆ ನೆಲ ಮ್ಯಾಲ ಒಣಗಿ ಒಳಗ ಹಸಿ,
ಸಣ್ಣ ಚಪ್ಪಲಿ ಒಂದೊಂದೇ ನುಂಗಾಕ ಹತ್ತಿತ್ತು.
ಬಗ್ಗಿ ಬಗ್ಗಿ ಕಿತ್ತೆ. ಎಡಗಾಲಿನವು ಏಳು, ಬಲಗಾಲಿನವು ನಾಕು.
ಯಾವುದು ಯಾರದಂತ ಅವರಿಗೂ ತಿಳೀಲಿಲ್ಲ.
ಮುದಸ್ಸರನಿಗೆ ಅವಸರ ಬಂತು, ಒಂದು ಗಿಡದ ಬುಡಕ್ಕ ನಿಂದ್ರಿಸಿದೆ.
"ಇರಲಿ ಬಿಡ್ರಿ," ಅಂದ ತ್ವಾಟದ ಮಲಕಪ್ಪ,
"ಆ ಗಿಡ ಹೋದ ವರ್ಷ ಕಾಯೇ ಬಿಟ್ಟಿಲ್ಲ."

ಯಾವಕೀಗೋ ಮುಳ್ಳು ಚುಚ್ಚಿತು. ಅತ್ತಳು.
ಅಳು ಹಗ್ಗದ ಗುಂಟ ಗಂಟಿನಿಂದ ಗಂಟಿಗೆ ಹೋತು.
ಅಕ್ಕೋರ ಹಾಡು ಮುಗದಿದ್ದವು, ಬಿಸ್ಕೀಟೂ ಮುಗದಿದ್ದವು.
ಆವಾಗ ನೆನಪಾತು ಕಿಸೇದೊಳಗಿನ ಪಂಚು,
ಮಿಷನ್ ಬರೋದಕ್ಕ ಮುಂಚಿನದು, ಹಿಡಿ ಸವದದ್ದು,
ಬಿಡಲಾರದ ಇಟಗೊಂಡು ಅಡ್ಡಾಡತೀನಿ.

ಲಿಂಬಿ ಎಲಿ ಒಂದು ಹರಿದೆ. ಟಕ್.
ದುಂಡನ ತೂತು. ತೂತಿನಿಂದ ವಾಸನಿ.
"ಯಾವ ಊರಿಗೆ?"
ಅಳು ನಿಂತಿತು.
"ಅಮ್ಮನ ಊರಿಗೆ." ಟಕ್.
"ಸೊಲ್ಲಾಪುರಕ್ಕ." ಟಕ್.
"ಆ ಗಿಡಕ್ಕ." ಟಕ್.
"ನನಗೊಂದು, ನಮ್ಮ ಆಡಿಗೊಂದು." ಟಕ್, ಟಕ್.
"ಉಚ್ಚಿಗೆ," ಅಂದ ಮುದಸ್ಸರ. ಮತ್ತ ಹೋಗಿ ಬಂದಿವಿ.
ಕಣ್ಣಿಗೆ ಎಲಿ ಹಿಡಿದು ಸೂರ್ಯನ್ನ ನೋಡಿದರು ಎಲ್ಲಾರೂ.
ಮಲಕಪ್ಪ ನಕ್ಕ: "ಬನ್ನಿ ಕೊಟ್ಟು ಮೂರು ದಿನ ಆತಲ್ಲೋ ಕಂಡಕ್ಟರ,
ನೀ ಈಗ ಲಿಂಬಿ ಹಂಚಾಕತ್ತಿ!"

ಎಣಿಸಿದೆ. ಹದಿನೆಂಟು.
ಮತ್ತ ಎಣಿಸಿದೆ. ಹದಿನೆಂಟು.
ತ್ವಾಟದ ಬಾವಿ ಕಣ್ಣಿಗೆ ಕಟ್ಟಿತು.
ಕೂಗಬೇಕಂದರ ಯಾರ ಹೆಸರು?

ಆಮ್ಯಾಲ ಕಂಡಳು, ನನ್ನ ನೀಲಾಂಬಿಕಾ,
ಎರಡು ಗಿಡದ ಆಚಿ, ಕುಕ್ಕರಗಾಲಿಲೆ ಕುಂತು.
ಊರ ಮಂದಿಗೆಲ್ಲಾ ಹರಿದು ಕೊಟ್ಟೀನಿ, ಈಕಿನ್ನ ಕೇಳೇ ಇಲ್ಲ.
ಮನಿ ಮಂದಿ ಪಾಸಿನ ಮ್ಯಾಲ ಅಡ್ಡಾಡತಾರ ಅನ್ನೋದು
ಕೈಗೆ ರೂಢಿ ಆಗಿಬಿಟ್ಟದ.
"ಬಾ ಅವ್ವಾ, ನಿನಗೂ ಒಂದು."
ಮಾರಿ ಎತ್ತಲಿಲ್ಲ. ಒಂದು ಎಲಿ ತೋರಿಸಿದಳು,
ಅಂಚೆಲ್ಲಾ ತಿಂದದ್ದು, ನಡುವ ತೂತು.
"ನಂದು ಆಗೇದ," ಅಂದಳು,
"ಹುಳಾ ಕೊಟ್ಟದ."

ಹುಳಾ ಅಲ್ಲೇ ಇತ್ತು, ಕಾಗಿ ಹಿಕ್ಕಿ ಹಂಗ ಮೈ.
ಇನ್ನೊಂದು ಎಲಿಗೆ ಬಾಯಿ ಹಾಕಿತ್ತು, ಅವಸರ ಇಲ್ಲದ,
ಹಿಂದ ಗದ್ದಲ ಹಾಕವರು ಯಾರೂ ಇಲ್ಲದ.
ನಾನೂ ಕುಂತೆ. ಒಬ್ಬ ಕಂಡಕ್ಟರ ಇನ್ನೊಬ್ಬಗ
ಏನಂತ ಹೇಳಬೇಕು?
"ಯಾವ ಊರಿಗೆ ಹೊಂಟೀದಿ?" ಅಂತ ಕೇಳಿದೆ ಮಗಳನ್ನ.
"ಹೇಳಂಗಿಲ್ಲ."

ಮರುದಿನ ಚಡಚಣದ ಮೊದಲ ಗಾಡಿ.
ಕಂಟ್ರೋಲರ್ ಕೇಳಿದರು, ಹಲ್ಲು ಹೆಂಗದ?
ಕಡಿಮಿ ಅದ್ರಿ.
ಝಳಕಿಯೊಳಗ ಹತ್ತಿದ ಮುದುಕಿ ಚಿಲ್ಲರ ಇಸಗೊಂಡು
ಮೂಗಿಗೆ ಹಿಡಿದಳು, "ಇದೇನೋ ತಮ್ಮಾ,
ನಿನ್ನ ರೊಕ್ಕ ಲಿಂಬಿ ವಾಸನಿ ಹೊಡೀತದ."
ಚೀಲದ ತಳಕ್ಕ ಕೈ ಹಾಕಿದೆ:
ಬಾಡಿದ ಎಲಿ, ಅಂಚೆಲ್ಲಾ ತಿಂದದ್ದು.
ಯಾವಾಗ ಇಟ್ಟಳೋ.

ಅಲ್ಲೇ ಬಿಟ್ಟೆ, ಮ್ಯಾಲ ಚಿಲ್ಲರ ಸುರಿದೆ.
ಡ್ರೈವರ್ ತಿರುಗಿ ನೋಡಿದ, ಹೋಗಲೇನು?
ತಡಿ ಅಂದೆ.
ತಲೆ ಎಣಿಸಿದೆ.
ಒಂದು ಹೆಚ್ಚಿಗೆ ಬಂತು.