ನಾಲ್ಕನೇ ಜ್ವರ

ನಾರೆಪ್ಪನ ಹುಳುಮನೆಗೆ ಎರಡು ಪದರ ಒದ್ದೆ ಗೋಣಿ,
ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸಲು ಮೊಮ್ಮಗ,
ಮಾಡಿನ ಮೇಲೆ ತೆಂಗಿನ ಗರಿ,
ಗೋಡೆಗೆ ಮೊಳೆ ಹೊಡೆದು ತೂಗಿಸಿದ ಪಾದರಸದ ಕಡ್ಡಿ.
ಅದು ಇಪ್ಪತ್ತೆಂಟು ದಾಟಿದರೆ ಅವನಿಗೆ ಮುದ್ದೆ ಇಳಿಯುವುದಿಲ್ಲ.

ಅದೇ ಬೀದಿಯ ತುದಿಗೆ ಅಕ್ಕಯ್ಯಮ್ಮನ ಶೀಟಿನ ಮನೆ.
ಅಲ್ಲಿ ಎಷ್ಟು ಡಿಗ್ರಿ?
ಯಾರೂ ಮೊಳೆ ಹೊಡೆದಿಲ್ಲ.

ನಾನು ಈ ಊರಿನ ಆಶಾ. ಗುಲಾಬಿ ಸೀರೆ, ಹೆಗಲಿಗೆ ಚೀಲ.
ನನ್ನ ಪುಸ್ತಕದಲ್ಲಿ ಹೆರಿಗೆಗೆ ಕಾಲಂ ಇದೆ, ಚುಚ್ಚುಮದ್ದಿಗೆ ಇದೆ,
ಸಾಯದೆ ಉಳಿದವರನ್ನು ಬರೆಯಲು ಇಲ್ಲ.
ಅದಕ್ಕೇ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನ ಪಟ್ಟಿ:
ಯಾರು ಒಂಟಿ, ಯಾರ ಮನೆಗೆ ಕಿಟಕಿಯಿಲ್ಲ,
ಯಾರು ಮೈನೀರಿಳಿಸುವ ಬಿಪಿ ಮಾತ್ರೆ ನುಂಗುತ್ತಾರೆ,
ಯಾರ ಹೊಟ್ಟೆಯಲ್ಲಿ ಏಳು ತಿಂಗಳು.

"ಬಿಸಿಲಿಗೂ ಲೆಕ್ಕವೇನಮ್ಮಾ?" ನಕ್ಕ ಚೌಡರೆಡ್ಡಿ,
"ಈ ಸೀಮೇಲಿ ಬಿಸಿಲು ಯಾವಾಗಿರಲಿಲ್ಲ ಹೇಳು."
ಇತ್ತು ಮಾವ.
ಆಗ ರಾತ್ರಿಯೂ ಇತ್ತು.

ರಾಮನವಮಿ ಕಳೆದ ಮೂರನೇ ದಿನ, ಮಧ್ಯಾಹ್ನ ಎರಡೂವರೆ.
ಅಕ್ಕಯ್ಯಮ್ಮ ಹೊಸಿಲಿಗೆ ತಲೆಯಿಟ್ಟು ಬಿದ್ದಿದ್ದಳು.
ಮುಟ್ಟಿದರೆ ಕಾದ ಹೆಂಚು. ಒಂದು ಹನಿ ಬೆವರಿಲ್ಲ.
ಬೆವರು ನಿಂತ ಮೈಗೆ ಹೆದರುವಷ್ಟು
ನಾನು ಹಾವಿಗೂ ಹೆದರುವುದಿಲ್ಲ.
ಸತ್ತ ತಂಗಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು.
ನೂರೆಂಟಕ್ಕೆ ಫೋನು: ನಲವತ್ತು ನಿಮಿಷ ಅಂದರು.
ಕೊಡದಲ್ಲಿ ಅರ್ಧ ನೀರು. ಕರೆಂಟಿಲ್ಲ.
ಊರಿಗೆಲ್ಲ ತಣ್ಣಗಿರುವ ಕೋಣೆ ಒಂದೇ.

ನಾರೆಪ್ಪ ಬಾಗಿಲಿಗೆ ಅಡ್ಡ ನಿಂತ.
"ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣಮ್ಮ,
ಹೊರಗಿನ ಕಾಲು ಬಂದ್ರೆ ಸಪ್ಪೆ ರೋಗ, ಬೆಳೆಯೆಲ್ಲ ತಿಪ್ಪೆಗೆ."
ಜ್ವರವೆಂದರೆ ಹುಳ ಸೊಪ್ಪು ಬಿಟ್ಟು ಹಳೆಯ ಚರ್ಮ ಕಳಚುವ ಹೊತ್ತು;
ಆಗ ಆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವುದೂ ಇಲ್ಲ.
ಇವಳಿಗೂ ಜ್ವರವೇ, ಅಂದೆ.

ಅವನು ಕಡ್ಡಿ ನೋಡಿದ. ಅವಳನ್ನು ನೋಡಿದ.
ಮೂವತ್ತು ವರ್ಷ ಇವನ ಹುಳಕ್ಕೆ ಸೊಪ್ಪು ಕೊಯ್ದು
ಹೊರೆಯನ್ನು ಇದೇ ಹೊಸಿಲ ಹೊರಗಿಳಿಸಿ
ಹಾಗೇ ಹಿಂತಿರುಗಿದವಳು.
ಬ್ಲೀಚಿಂಗ್ ನೀರಿನ ಬಾಂಡ್ಲಿ ಮುಂದೆ ತಳ್ಳಿದ, ಬಗ್ಗಿದ,
ಅವಳ ಕಾಲನ್ನು ತಾನೇ ತೊಳೆದ.
ಹುಳಕ್ಕಾಗಿಯೇ ತೊಳೆದ, ಇರಲಿ.

ಚಂದ್ರಿಕೆಗಳ ಪಕ್ಕ ಮಲಗಿಸಿದೆವು.
ಕತ್ತಿಗೆ, ಕಂಕುಳಿಗೆ ಒದ್ದೆ ಗೋಣಿ, ಮೊಮ್ಮಗ ಮೊರದಿಂದ ಗಾಳಿ.
ಬಾಯಿಗೆ ನೀರು ಬೇಡ, ಮೊದಲು ಎಚ್ಚರವಾಗಲಿ,
ಎಂದು ಪಿಸುಗುಟ್ಟಿದೆ; ನನಗೂ ಆ ಮನೆಯ ರೂಢಿ ಬಂದಿತ್ತು.
ತಟ್ಟೆ ತಟ್ಟೆಯಲ್ಲೂ ಹುಳ ತಲೆಯೆತ್ತಿ ಮರಗಟ್ಟಿ ಕೂತಿದ್ದವು.
ಮೂವತ್ತೊಂದನೇ ನಿಮಿಷಕ್ಕೆ ಅವಳ ಹಣೆಯ ಮೇಲೆ ಒಂದು ಹನಿ.
ಗೋಣಿಯದೋ ಅವಳದೋ,
ಬೆರಳಲ್ಲಿ ಒರೆಸಿ ನಾಲಿಗೆಗೆ ತಾಗಿಸಿದೆ.
ಉಪ್ಪು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಶಿಡ್ಲಘಟ್ಟದ ಫಿಲೇಚರಿನಿಂದ
ಮುಜಮ್ಮಿಲನನ್ನು ಆಟೋದಲ್ಲಿ ತಂದರು, ಮುಖ ಮುಚ್ಚಿ.
ನಲವತ್ತೊಂದು ವರ್ಷ. ಎರಡು ಮೂಟೆ ಗೂಡು ಒಟ್ಟಿಗೆ ಹೊರುವ ಆಳು.
ಕುದಿಯುವ ಬಾಣಲೆಯ ಮುಂದೆ, ಹಬೆಯೊಳಗೆ, ಹತ್ತು ತಾಸು.
ಕಾಗದದಲ್ಲಿ ಹೃದಯಾಘಾತ ಎಂದಿತ್ತು.
ನನ್ನ ಪಟ್ಟಿಯಲ್ಲಿ ಅವನ ಹೆಂಡತಿ ಖಮರುನ್ನಿಸಾ ಇದ್ದಳು,
ಏಳು ತಿಂಗಳು, ಅಡಿಗೆರೆ ಎಳೆದು.
ಅವನಿರಲಿಲ್ಲ.
ಗಟ್ಟಿಮುಟ್ಟಾದವರನ್ನು ನಾನು ಬರೆದಿರಲಿಲ್ಲ.

ಮೂರನೆಯ ದಿನ ಹುಳ ಜ್ವರದಿಂದೆದ್ದು ಸೊಪ್ಪಿಗೆ ಬಿದ್ದಿದ್ದವು.
ನಾರೆಪ್ಪ ಹಳೆಯದೊಂದು ಕಡ್ಡಿ ಹುಡುಕಿ ಕೊಟ್ಟ:
"ಹಲಗೆ ಸೀಳಿದೆ, ಲೆಕ್ಕ ಸರಿಯಾಗೇ ಹೇಳ್ತದೆ."
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಫಿಲೇಚರಿಗೆ ಹೋದೆ.
ಬಾಗಿಲಲ್ಲೇ ನಲವತ್ತಮೂರು.
ಮಾಲೀಕ ಕನ್ನಡಕ ಏರಿಸಿ ನೋಡಿದ, ಮತ್ತೆ ನೋಡಿದ.
"ಇದನ್ನ ನೇತಾಕಿದ್ರೆ ಬಾಣಲೆ ಮುಂದೆ ಯಾರು ನಿಲ್ತಾರಮ್ಮಾ?"

ಅದಕ್ಕೇ ತಂದಿದ್ದು ಅಣ್ಣ, ಅಂದೆ.
ಮೊಳೆ ನನ್ನ ಹತ್ರ ಇದೆ.
ಸುತ್ತಿಗೆ ಕೊಡಿ.