ಮೂಲದಲ್ಲಿ ಹೀಗೇ ಇದೆಯೇ?

ಸೀಸದ ಅಕ್ಷರವೆಂದರೆ ಕನ್ನಡಿಯೊಳಗಿನ ಮೋರೆ.
ದಾವಲಸಾಬ ಅದನ್ನು ತಿರುವುಮುರುವಾಗಿ ಓದುತ್ತಾನೆ,
ನಾನು ಒದ್ದೆ ಹಾಳೆಯ ಮೇಲೆ, ನೆಟ್ಟಗೆ.
ಗದಗಿನ ಸ್ಟೇಶನ್ ರೋಡಿನ ಹಿಂದಿನ ಓಣಿ,
ಸೀಮೆಎಣ್ಣೆಯ ವಾಸನೆ, ಕಾಲಲ್ಲಿ ತುಳಿಯುವ ಯಂತ್ರ.
ಹದಿನೇಳು ವರ್ಷದಿಂದ ದೇವರ ಕಾಗುಣಿತ ತಿದ್ದುತ್ತಿದ್ದೇನೆ,
ಫಾರ್ಮಿಗೆ ನಾಲ್ಕು ರೂಪಾಯಿ.

ಶ್ರಾವಣಕ್ಕೆ ಬೇಕಂತೆ ಪುರಾಣ,
ಮಠದ ಆಳು ಎರಡು ಸಲ ಬಂದುಹೋದ.
ಪುಟ ನೂರಾ ಹನ್ನೆರಡು. ದೇವರು ಭಕ್ತನ ಬಾಗಿಲಲ್ಲಿ,
ಅಂಗಳದಲ್ಲಿ ಹುಡುಗನ ಬುಗುರಿ ಇನ್ನೂ ತಿರುಗುತ್ತಿದೆ.
ಭಕ್ತಿಯ ಪರೀಕ್ಷೆ.
"ಮಗನ ಕಾಯ್" ಎನ್ನುತ್ತಾನೆ ದೇವರು.

ಎಷ್ಟು ಚೆಂದದ ಮಾತು ಅಂದುಕೊಂಡೆ.
ಹಸ್ತಪ್ರತಿ ನೋಡಿದೆ. "ಮಗನ ಕೊಯ್."

ಕಕಾರಕ್ಕೆ ಇಳಿ ಕೊಟ್ಟರೆ ಕಾಯ್, ಒತ್ವ ಕೊಟ್ಟರೆ ಕೊಯ್.
ಒಂದು ಗುಂಜಿ ಸೀಸ.
ದಾವಲಸಾಬನ ಬೆರಳು ಪಕ್ಕದ ಖಾನೆಗೆ ಹೋಗಿದೆ, ಅಷ್ಟೇ.
ಕರೆಂಟು ಹೋದಾಗ ಜೋಡಿಸಿದ್ದಿರಬೇಕು,
ಕಂದೀಲಿನ ಬೆಳಕಿಗೆ ದೇವರು ಒಳ್ಳೆಯವನಾಗಿಬಿಟ್ಟ.

ಕೆಂಪು ಮಸಿಯ ಪೆನ್ನು ಎತ್ತಿದೆ. ಇಳಿಸಲಿಲ್ಲ.
ಅಂಚಿನಲ್ಲಿ ಬರೆದೆ, ಎಲ್ಲ ಅನುಮಾನಕ್ಕೂ ಬರೆಯುವ ಹಾಗೇ:
ಮೂಲದಲ್ಲಿ ಹೀಗೇ ಇದೆಯೇ?

"ಹಂಗ ಐತೆವ್ವ," ಅಂದರು ಅಂದಾನೆಪ್ಪ ಮಾಲಕರು
ಚಸ್ಮಾ ಹಣೆಗೇರಿಸಿ. "ದೇವರ ಮಾತು. ತಿದ್ದಾಕ ನಾವ್ಯಾರು?"
"ನಿನ್ನೆ ಅವನ ಮಾತಿನಾಗ ನಲವತ್ತು ತಪ್ಪು ತಿದ್ದೇನ್ರಿ. ಏನೂ ಅನ್ನಲಿಲ್ಲ."
"ಅವು ಅಕ್ಷರದ ತಪ್ಪು."
"ಇದೂ ಒಂದ ಅಕ್ಷರದ್ದರಿ."
ನಕ್ಕರು. ಒಳ್ಳೆಯ ಮನುಷ್ಯ,
ಇರುವೆಯ ಸಾಲು ಕಂಡರೆ ನಿಂತು ದಾಟುವವರು.
"ಮುಂದಿನ ಪುಟ ಓದು. ಹುಡುಗ ಎದ್ದು ಬರ್ತಾನ."

ಓದಿದ್ದೆ. ಎದ್ದು ಬರುತ್ತಾನೆ.
ಹೂಮಳೆಯಾಗುತ್ತದೆ, ಹೂಮಳೆಗೇ ನಾಲ್ಕು ಪದ್ಯ.
ಎದ್ದು ಬಂದವನು ಆ ರಾತ್ರಿ
ಅಪ್ಪನ ಮಗ್ಗುಲಿಗೆ ಮಲಗಿದನೆ?
ಅವ್ವ ಈಳಿಗೆಮಣೆ ಎಳೆದಾಗಲೆಲ್ಲ ಹೊರಗೋಡಿದನೆ?
ಒಂದು ಸಾಲಿಲ್ಲ. ಅವ್ವನಿಗಂತೂ
ಇಡೀ ಪುರಾಣದಲ್ಲಿ ಒಂದೇ ಕ್ರಿಯಾಪದ: ಒಪ್ಪಿದಳು.
ಅದರ ಪಕ್ಕಕ್ಕೂ ಬರೆದೆ, ಮೂಲದಲ್ಲಿ ಹೀಗೇ ಇದೆಯೇ?

ದಾವಲಸಾಬ ಚಹಾ ಬಸಿಗೆ ಸುರುವಿಕೊಂಡು ಅಂದ,
"ನಮ್ಮಲ್ಲೂ ಐತ್ರಿ ಅಕ್ಕಾರ ಇಂಥಾ ಕಥಿ.
ಬೆಟಗೇರಿ ಚರ್ಚಿನವರಲ್ಲೂ ಐತಿ.
ಕಡೀಕ ಒಂದು ಟಗರು ಬರತೈತಿ."
"ಟಗರಿಗೆ ಯಾರು ಬಂದ್ರು?"
ಬಸಿಯೊಳಗೆ ಊದುತ್ತ ಕೂತ.
"ಸಣ್ಣಾವಿದ್ದಾಗ ನಾನೂ ಕೇಳಿದ್ದೆ. ಅಪ್ಪ ಕಪಾಳಕ್ಕ ಕೊಟ್ಟ."

ಎಲ್ಲ ಬಲ್ಲವನಿಗೆ ಪರೀಕ್ಷೆ ಯಾಕೆ?
ಅವನು ಅಂದದ್ದಕ್ಕೆ ಒಳ್ಳೆಯದಾಯಿತೋ,
ಒಳ್ಳೆಯದೆಂದೇ ಅವನು ಅಂದನೋ?
ಅಂದದ್ದಕ್ಕೇ ಆದರೆ, ನಾಳೆ ಏನಂದರೂ ಒಳ್ಳೆಯದೇ.
ಅಲ್ಲವಾದರೆ, ಅಳೆಯುವ ಸೇರು
ಅವನು ಬಾಗಿಲು ಬಡಿಯುವ ಮುಂಚೆಯೇ
ನಮ್ಮ ಅಡುಗೆಮನೆಯಲ್ಲಿ ಇತ್ತು.
ಇಲ್ಲದಿದ್ದರೆ ಕಾಯ್ ಎಂದು ಓದಿದಾಗ
ಎದೆ ಹೇಗೆ ಹೌದೆಂದಿತು,
ಯಾರ ಅಪ್ಪಣೆಗೂ ಕಾಯದೆ?

ಹೊಟ್ಟೆಪಾಡು. ತಿದ್ದಿದೆ. ಇಳಿ ಹೊಡೆದು ಒತ್ವ.
ದಾವಲಸಾಬ ಮರೆತನೋ, ಮರೆತಂತೆ ಮಾಡಿದನೋ,
ನಾನು ಈವರೆಗೂ ಕೇಳಿಲ್ಲ.
ಸಾವಿರ ಪ್ರತಿ ಅಚ್ಚಾಗಿ ಹೋದವು, ಕಾಯ್ ಎಂದೇ.

ಮಠದವರ ಸಿಟ್ಟಿಗೆ ಒಪ್ಪೋಲೆ ಹಾಕಬೇಕಾಯಿತು,
ಅಂಗೈಯಗಲದ ಚೀಟಿ:
ಪುಟ ೧೧೨, ಸಾಲು ೯. 'ಕಾಯ್' ಎಂಬುದನ್ನು
'ಕೊಯ್' ಎಂದು ಓದಿಕೊಳ್ಳಬೇಕು.
ಅದರ ಕರಡೂ ನಾನೇ ನೋಡಿದೆ. ತಪ್ಪಿರಲಿಲ್ಲ.

ಬೈಂಡಿಂಗಿನ ಈರವ್ವ ಮೈದಾಹಿಟ್ಟಿನ ಅಂಟು ಕುದಿಸಿ
ಒಂದೊಂದೇ ಚೀಟಿ ಹಚ್ಚುತ್ತ ಕೂತಿದ್ದಳು.
ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತೆ.
ನೀರ ಒಂದೀಟ ಜಾಸ್ತಿ ಹಾಕಬೆ, ಅಂದೆ,
ಅಂಟು ತೆಳ್ಳಗಿರಲಿ.