ಹನ್ನೆರಡನೆಯ ಗೀಟು

ನಾ ಹಲ್ಲು ಮಾಡಾಂವ.
ಶಹಾಪುರದಾಗ ಮಹಡಿ ಮ್ಯಾಲ ಒಂದು ಖೋಲಿ,
ಪ್ಲಾಸ್ಟರಿನ ದವಡಿ ಸಾಲಾಗಿ ಕುಂತಾವು,
ಮಾತಿಲ್ಲ, ನಗಿ ಮಾತ್ರ.
ಹಿಂದಿನ ಕಪಾಟಿನ್ಯಾಗ, ಬಿಸಿಲು ತಾಗದಂಗ,
ಏಳು ತಗಡು ನೆಟ್ಟಗ ನಿಂತಾವು.
ಮಲಗಿಸಿದ್ರ ಸೊಟ್ಟಾಗತಾವು.

ರೆಕಾರ್ಡು ಅನಬ್ಯಾಡ್ರಿ.
ಒಂದ ಹಾಡು ಲಕ್ಷ ಸಲ ಒತ್ತಿ ಕಾರ್ಖಾನಿ ಕೊಡತೈತಲ್ಲ,
ಅದು ರೆಕಾರ್ಡು. ಇದು ಅಸಿಟೇಟು:
ಅಲ್ಯುಮಿನಿಯಂ ತಗಡಿಗೆ ಕರೇ ಅರಗಿನಂಥ ಲೇಪ,
ಹಾಡಿದ ಸಂಜೀನ ಮುಳ್ಳಿಲೆ ಗೀರಿದ್ದು,
ಹಾಡಿದವರು ಮನಿಗೊಯ್ದು ಕೇಳಿ
ನಾಳಿ ಮತ್ತೊಮ್ಮೆ ನೋಡೂಣು ಅಂದು
ಒಗಿಯಾಕಂತ ಮಾಡಿದ್ದು.
ಯಾವ ಬ್ಯಾಂಡು? ಜಗಕ್ಕೆಲ್ಲ ಗೊತ್ತಿದ್ದ ಹೆಸರು.
ಹೇಳಿದ್ರ ನಾ ಕೀಲಿ ಬದಲಿಸಬೇಕಾಗತೈತಿ.

ಮುಳ್ಳು ಒಮ್ಮೆ ಸುತ್ತಿದ್ರ ಲೇಪ ಒಂದೆಳಿ ಸವೀತೈತಿ.
ಉಪ್ಪಿನಕಾಯಿ ಹಂಗ, ತಿಂದಷ್ಟು ಭರಣಿ ಖಾಲಿ.
ಅದಕ್ಕ ಲಕೋಟಿ ಮ್ಯಾಲ ಪೆನ್ಸಿಲಿನ ಗೀಟು,
ಕೇಳಿದ್ದಕ್ಕೊಂದು, ಹಾಲಿನವನ ಲೆಕ್ಕದಂಗ.

ಮೊದಲನೇದು ಸಿಕ್ಕಿದ್ದು ಕ್ಯಾಂಪಿನ್ಯಾಗ,
ಬ್ರಿಜಿತ್ ಬಾಯಿ ಕುಲಾಸೋ ಅವರ ಅಡಿಗಿಮನ್ಯಾಗ.
ಆಕಿಗೆ ಮೊಣಕಾಲು ನೋವು, ಮೆಟ್ಟಲ ಏರಾಕಾಗೂದಿಲ್ಲಂತ
ಅಳತಿ ತಗೊಳ್ಳಾಕ ನಾನ ಹೋಗಿದ್ದೆ.
ಹಾಲಿನ ಪಾತೇಲಿ ಮ್ಯಾಲ ಕರೇ ಮುಚ್ಚಳ.
ಉಗಿಗೆ ಉಬ್ಬಿದ ಅಂಚು, ನಡುವ ತೂತು,
ತೂತಿನ ಬಾಜೂಕ ಇನ್ನೊಂದು ಸಣ್ಣ ತೂತು.
ನನ್ನ ಕೈ ನಡುಗಿ ಮೇಣ ಆಕಿ ಮೂಗಿಗೆ ಹತ್ತಿತು.
"ನಮ್ಮ ಇನಾಸ್ ತಂದದ್ದು. ಹಡಗ ಬಿಟ್ಟು
ಅದ್ಯಾವುದೋ ಹಾಡೋ ಮನ್ಯಾಗ ರಾತ್ರಿ ಕಾವಲಿದ್ದ,
ಚಾ ಕಾಸತಿದ್ದ. ಬುಟ್ಟ್ಯಾಗ ಒಗದದ್ದು ಆರಿಸಿದ.
ಗಟ್ಟಿ ಮುಚ್ಚಳ ನೋಡು.
ಇನ್ನೂ ಆರದಾವು ಅಟ್ಟದ ಮ್ಯಾಲ."

ಹಲ್ಲಿನ ಸೆಟ್ಟಿಗೆ ರೊಕ್ಕ ಬ್ಯಾಡ ಅಂದೆ,
ಆ ಮುಚ್ಚಳ ಕೊಟ್ಟರ ಸಾಕು.
ಪುಣ್ಯಾತ್ಮ, ಅಂದ್ಲು ಆಕಿ.
ಆ ಮಾತು ಇವತ್ತಿಗೂ ದವಡ್ಯಾಗ ಸಿಕ್ಕ ಕಡಲಿ ಸಿಪ್ಪಿ.

ಮ್ಯಾಲ ಬಿಳೇ ಬೂಷ್ಟು ಬಂದಿತ್ತು. ಬೂಷ್ಟಲ್ಲ,
ಲೇಪದಾಗಿನ ಔಡಲೆಣ್ಣಿ ಹೊರಗ ಬಂದು ಪುಡಿಯಾದದ್ದು.
ಅವರಿಗೂ ಔಡಲ ಬೇಕಾತು ನೋಡ್ರಿ,
ನಮ್ಮವ್ವ ಮೂಗು ಹಿಡದು ಕುಡಿಸಿದ್ದು!
ಹಲ್ಲಿನ ಬ್ರಶ್ಶಿಲೆ ಸುತ್ತು ಸುತ್ತು ಹಿಡದು ತೊಳದೆ.
ಮೂರು ಸುಲದು ಬಿದ್ದುವು, ಮುಚ್ಚಳಾಗಿದ್ದದ್ದು ಮೊದಲು.

ಐದನೇ ತಗಡಿನಾಗ ಹಾಡಿಲ್ಲ.
ಡ್ರಮ್ಮಿನವ ಕೋಲು ಬೀಳಸತಾನ,
ಯಾರೋ ಯಾರಿಗೋ ಬೈತಾರ, ತಂತಿ ಬಿಗೀತಾರ,
ಬಾಗಲ ಕಿರ್ ಅಂತೈತಿ, ಕಪ್ಪುಬಸಿ ಸಪ್ಪಳ,
ಆಮ್ಯಾಲ ಒಂದು ಧ್ವನಿ, ಮೈಕಿನಿಂದ ದೂರ,
ತನ್ನಷ್ಟಕ್ಕ ತಾನು, ಕೊಂಕಣಿಯೊಳಗ,
ಸಕ್ಕರಿ ತೀರಿತು ಅಂತ.

ಹನ್ನೊಂದು ಸಲ ಕೇಳಿದೆ. ಹನ್ನೊಂದೂ ಒಬ್ಬನ.
ಪರದೇಶದ ಗಿರಾಕಿ ಬರದಿದ್ದ:
ಜಗಳಕ್ಕ ಇಷ್ಟು ಕೊಡತೇನಿ,
ಬೈಗಳು ಸ್ವಚ್ಛ ಕೇಳಿದ್ರ ಮತ್ತಿಷ್ಟು.
ಸಕ್ಕರಿಗೆ ಏನೂ ಇಲ್ಲ.

ಎರಡು ವರ್ಷ ಹೇಳಲಿಲ್ಲ.
ಕೆಳಗಿನ ಸೆಟ್ಟು ಸಡಿಲಾತಂತ ಆಕಿ ರಿಕ್ಷಾದಾಗ ಬಂದ್ಲು,
ಮೆಟ್ಟಲ ಒಂದೊಂದ ಏರಿ, ಏದುಸಿರು ಬಿಟ್ಟು ಕುಂತ್ಲು.
ಯಾಕೋ ಹೇಳಿಬಿಟ್ಟೆ. ಮುಳ್ಳಿಟ್ಟೆ.

ಹಲ್ಲು ತಗದು ಅಂಗೈಯಾಗ ಹಿಡದು ಕೇಳಿದ್ಲು.
ಕೋಲು ಬಿತ್ತು. ಜಗಳ. ಬಾಗಲ. ಕಪ್ಪುಬಸಿ.
ಸಕ್ಕರಿ.
ಮುಳ್ಳು ನಡುವಿಗೆ ಬಂದು ಕರ್ ಕರ್ ಅಂದಿತು.

"ಇನಾಸ್ ಅಲ್ಲ ಇಂವ," ಅಂದ್ಲು.
"ನಮ್ಮಾಂವ ಇಷ್ಟು ಮೆತ್ತಗ ಎಂದ ಮಾತಾಡಿದ್ದ?
ಅವ ಸೀನಿದ್ರ ಚರ್ಚಿನ ಪಾರಿವಾಳ ಹಾರತಿದ್ದುವು."
ಸಾಲಿನ ದವಡಿಗಳನ್ನ ನೋಡಿಕೋತ ಕುಂತ್ಲು.
ಕೆಳಗ ಯಾರೋ ಸ್ಕೂಟರ್ ಒದ್ದು ಒದ್ದು ಸೋತರು.
"ಅಲ್ಲೆ ಹಂಗ ಮಾತಾಡಬೇಕಾಗತಿತ್ತೇನೋ."
ಹಲ್ಲು ಮತ್ತ ಬಾಯಾಗಿಟ್ಟು ಕಚ್ಚಿ ನೋಡಿದ್ಲು.
"ಇನ್ನೊಮ್ಮೆ ಹಚ್ಚು."

ಹನ್ನೆರಡನೇ ಗೀಟು ಇನ್ನೂ ಎಳದಿರಲಿಲ್ಲ.
ಪೆನ್ಸಿಲ್ ಕಿವಿ ಮ್ಯಾಲ ಸಿಗಿಸಿ, ಮರತಂಗ ಮಾಡಿ,
ಮುಳ್ಳೆತ್ತಿದೆ.